ಕುದುರೆಯ ಹತ್ತಿರ ಹೋಗುವ ಮುನ್ನ

(ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಸೇರಿದ್ದ ಕಲಬುರಗಿ ಮತ್ತು ಕಮಲಾಪುರದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳತಿಯರೇ,

ಕಮಲಾಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದವರಿಗೂ, ಇಲ್ಲೇ ಸ್ಟೇಶನ್ ಬಜಾರದ ಓಣಿಗಳಿಂದ ಮನೆಗೆಲಸ ಮುಗಿಸಿ ಬಂದವರಿಗೂ ನಮಸ್ಕಾರ. ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಿ. ನಗು ಬರುವಂಥದ್ದೇ. ವರದಕ್ಷಿಣೆ, ಹೊಡೆತ ಬಡಿತ, ಕೋರ್ಟು, ಜೀವನಾಂಶ ಎಂದು ಮಾತಾಡುವ ನಮ್ಮ ಸಭೆಗೆ ಕುದುರೆ ಎಲ್ಲಿಂದ ಬಂತು?

ಬಂದದ್ದು ಒಂದು ಸಾಲದ ಅರ್ಜಿಯಿಂದ. ನಮ್ಮ ಸಂಘವೊಂದರ ಸದಸ್ಯೆ ತಮ್ಮ ಮಗಳಿಗಾಗಿ 15,000 ರೂಪಾಯಿ ಒಳಸಾಲ ಕೇಳಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇದನ್ನು ಹೇಳುತ್ತಿದ್ದೇನೆ. ಮಗಳು ಗಂಡನ ಮನೆ ಬಿಟ್ಟು ಎರಡು ವರ್ಷ ಆಯಿತು. ಬೆಂಗಳೂರಿನಲ್ಲಿ ಕೆಲಸ ಇದೆ, ಇರಲು ಹಾಸ್ಟೆಲ್ ಇದೆ. ನಿದ್ದೆ ಮಾತ್ರ ಇಲ್ಲ. ಯಾರಾದರೂ ಬಾಗಿಲು ಬಡಿದರೆ ಮೈಯೆಲ್ಲ ಬೆವರುತ್ತದೆ. ಅವಳು ಹೋಗುತ್ತಿರುವ ಆಪ್ತಸಮಾಲೋಚಕಿ, ಕುದುರೆಗಳ ಜೊತೆ ನಡೆಸುವ ಎಂಟು ವಾರದ ಒಂದು ಚಿಕಿತ್ಸೆಗೆ ಸೇರಿಕೋ ಎಂದಿದ್ದಾರೆ. ತಾಯಿಗೆ ಗಾಬರಿ. “ನನ್ನ ಮಗಳಿಗಿ ಹುಚ್ಚು ಹಿಡದದ ಅಂತಾರೇನ್ರೀ ಮೇಡಂ?” ಎಂದು ನನ್ನ ಮನೆಗೆ ಬಂದು ಕೇಳಿದರು. ಸಂಘದ ಸಭೆಯಲ್ಲಿ ಇನ್ನೊಬ್ಬರ ಮಾತು ಬೇರೆ: “ಕುದುರಿ ನೋಡ್ಲಿಕ್ಕ ಸಾಲ ಕೊಡಬೇಕೇನ್ರೀ? ನಮ್ಮ ಎಮ್ಮಿ ಮುಂದ ತಂದು ಕುಂಡರ್ಸ್ರಿ, ಪುಕ್ಕಟೆ.”

ಎರಡೂ ಮಾತಿಗೆ ಉತ್ತರ ಕೊಡಬೇಕಾಗಿದೆ. ನಾನು ಮನೋವೈದ್ಯೆ ಅಲ್ಲ, ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದೇ ಚಿಕಿತ್ಸೆಗೆ ಬೆಂಗಳೂರಿನ ಹೊರವಲಯದಲ್ಲಿ ಹೋಗುತ್ತಿದ್ದಾಗ ಜೊತೆಗೆ ಯಾರಾದರೂ ಬೇಕೆಂದಳು. ಐದು ಸಲ ಅವಳೊಂದಿಗೆ ಹೋಗಿ ಬೇಲಿಯ ಹೊರಗೆ ಕುಳಿತು ನೋಡಿದ್ದೇನೆ. ಆಮೇಲೆ ಸಾಕಷ್ಟು ಓದಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಹಳಗನ್ನಡದಲ್ಲಿ ಅಶ್ವವೈದ್ಯದ ಗ್ರಂಥವೇ ಇದೆ. ಅದು ಕುದುರೆಗೆ ಬರುವ ರೋಗಕ್ಕೆ ಮದ್ದು ಹೇಳುವುದು. ಇದು ಹಾಗಲ್ಲ, ಕುದುರೆಯ ಜೊತೆಗಿದ್ದು ಮನುಷ್ಯರು ಮಾಡಿಕೊಳ್ಳುವ ಚಿಕಿತ್ಸೆ. ಇದರಲ್ಲಿ ಎರಡು ಬಗೆ. ಒಂದು ದೇಹಕ್ಕೆ. ಕುದುರೆ ನಡೆಯುವಾಗ ಅದರ ಬೆನ್ನಿನ ಮೇಲೆ ಕುಳಿತವರ ಸೊಂಟ ಹಿಂದೆ ಮುಂದೆ, ಅತ್ತ ಇತ್ತ, ಮೇಲೆ ಕೆಳಗೆ ಆಡುತ್ತದೆ. ನಾವು ನಡೆಯುವಾಗ ಆಡುವಂತೆಯೇ. ಅದಕ್ಕೇ ಮಿದುಳಿನ ತೊಂದರೆಯಿಂದ ಕೈಕಾಲು ಬಿಗಿದುಕೊಂಡಿರುವ ಮಕ್ಕಳನ್ನು ಫಿಸಿಯೋಥೆರಪಿಯವರು ಕುದುರೆಯ ಮೇಲೆ ಕೂರಿಸಿ ನಡೆಸುತ್ತಾರೆ. ಇನ್ನೊಂದು ಬಗೆ ಮನಸ್ಸಿಗೆ. ಇದರಲ್ಲಿ ಬಹುಪಾಲು ಕುದುರೆ ಹತ್ತುವುದೇ ಇಲ್ಲ. ಎರಡೂ ಕಾಲು ನೆಲದ ಮೇಲೆ. ನಮ್ಮ ಹುಡುಗಿಗೆ ಹೇಳಿರುವುದು ಈ ಎರಡನೆಯದು. ಆದ್ದರಿಂದ “ಸವಾರಿ ಕಲಿಸುತ್ತೇವೆ, ಪ್ಯಾಕೇಜ್ ತೆಗೆದುಕೊಳ್ಳಿ” ಎಂದು ಯಾರಾದರೂ ಹಣ ಕೇಳಿದರೆ ಅದು ಸವಾರಿ ಶಾಲೆ ಎಂದು ತಿಳಿಯಿರಿ. ಸವಾರಿ ಕಲಿಯುವುದು ಒಳ್ಳೆಯದೇ, ಆದರೆ ಅದಕ್ಕೆ ಸಂಘದ ಸಾಲ ಬೇಡ.

ಈ ದೇಹದ ಚಿಕಿತ್ಸೆ ಜಗತ್ತಿನ ಗಮನಕ್ಕೆ ಬರಲು ಒಬ್ಬ ಹೆಂಗಸೂ ಕಾರಣ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೋ ಹೊಡೆಯಿತು. ಮಗು ಚೆನ್ನಾಗಿಯೇ ಹುಟ್ಟಿತು. ತಾಯಿಗೆ ಮಾತ್ರ ಮೊಣಕಾಲಿನ ಕೆಳಗೆ ಸ್ವಾಧೀನ ಮರಳಲಿಲ್ಲ. ಆಕೆ ಮತ್ತೆ ಕುದುರೆ ಏರಿದಳು. ಕುದುರೆ ಸವಾರಿಯ ಡ್ರೆಸಾಜ್ ಎಂಬ ಸ್ಪರ್ಧೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರನ್ನು ಮೊದಲ ಬಾರಿ ಬಿಟ್ಟದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಆ ಮೊದಲ ಸಲವೇ ಆಕೆ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದಳು. ಕುದುರೆ ಹತ್ತಲು ಇಳಿಯಲು ಇನ್ನೊಬ್ಬರು ಹಿಡಿಯಬೇಕಿತ್ತು. 1956ರಲ್ಲಿ ಮತ್ತೊಂದು ಬೆಳ್ಳಿ. ಆ ಮೇಲೆ ಯುರೋಪಿನಲ್ಲಿ ವಿಕಲಚೇತನರಿಗೆ ಸವಾರಿ ಕೇಂದ್ರಗಳು ಹೆಚ್ಚಿದವು. ಬ್ರಿಟನ್, ಅಮೆರಿಕಗಳಲ್ಲಿ 1969ರಲ್ಲಿ ಇದಕ್ಕೆಂದೇ ಸಂಸ್ಥೆಗಳು ಆದವು. ಮನಸ್ಸಿನ ಗಾಯಕ್ಕೆ ಕುದುರೆಯ ಜೊತೆ ಕೆಲಸ ಮಾಡುವುದು ವ್ಯವಸ್ಥಿತವಾದದ್ದು ತೀರ ಈಚೆಗೆ, 1990ರ ದಶಕದ ಸುಮಾರಿಗೆ. ಯುದ್ಧದಿಂದ ಮರಳಿದ ಸೈನಿಕರು, ಹಿಂಸೆ ಉಂಡ ಹೆಂಗಸರು ಮತ್ತು ಮಕ್ಕಳು ಇವರಿಗಾಗಿ.

ಕುದುರೆಯೇ ಏಕೆ? ಎಮ್ಮೆ ಏಕಾಗಬಾರದು? ಎಮ್ಮೆಯ ಮಾತು ಆಡಿದ ಅಕ್ಕನಿಗೆ ಒಂದು ಪ್ರಶ್ನೆ. ಮನೆಯಲ್ಲಿ ಜಗಳವಾಗಿ ಅಳುತ್ತಾ ಹಾಲು ಕರೆಯಲು ಕುಳಿತ ದಿನ ಎಮ್ಮೆ ಹಾಲು ಇಳಿಸುತ್ತದೆಯೇ? ಇಳಿಸುವುದಿಲ್ಲ, ಅಲ್ಲವೇ? ಕಾಲು ಎತ್ತಿ ಹಾಕುತ್ತದೆ, ಬಾಲ ಬೀಸುತ್ತದೆ. ನಮ್ಮ ಕೈಯ ಬಿಗಿ, ಉಸಿರಿನ ವೇಗ ಅದಕ್ಕೆ ಗೊತ್ತಾಗುತ್ತದೆ. ಅಂದಮೇಲೆ ಈ ಚಿಕಿತ್ಸೆಯ ಅರ್ಧ ವಿದ್ಯೆ ನಿಮಗೆ ಆಗಲೇ ಬರುತ್ತದೆ.

ಕುದುರೆಯಲ್ಲಿ ಇದು ಇನ್ನೂ ಸೂಕ್ಷ್ಮ. ಅದು ಬೇರೆ ಪ್ರಾಣಿಗಳ ಬೇಟೆಗೆ ಸಿಗುವ ಪ್ರಾಣಿ. ಓಡಿದರೆ ಮಾತ್ರ ಉಳಿಯುತ್ತದೆ. ಅದಕ್ಕೆ ಕಣ್ಣುಗಳು ತಲೆಯ ಎರಡು ಬದಿಗೆ. ನೇರ ಬೆನ್ನ ಹಿಂದೆ ಮತ್ತು ಮೂಗಿನ ತುದಿಯ ಮುಂದೆ ಒಂದಿಷ್ಟು ಬಿಟ್ಟರೆ ಸುತ್ತಲಿನದೆಲ್ಲ ಕಾಣುತ್ತದೆ. ಕಿವಿ ಒಂದೊಂದನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಹತ್ತಿರ ಬಂದವರ ಹೆಜ್ಜೆ, ಭುಜ, ಉಸಿರು ಎಲ್ಲವನ್ನೂ ಅಳೆಯುತ್ತದೆ. ನಮ್ಮಲ್ಲಿ ಯಾರು ಹೀಗೆ ಬದುಕುತ್ತಾರೆ ಹೇಳಿ? ಅಂಗಳದಲ್ಲಿ ಬಿಟ್ಟ ಚಪ್ಪಲಿಯ ಸದ್ದಿನಿಂದಲೇ ಇವತ್ತು ಕುಡಿದು ಬಂದಿದ್ದಾನೋ ಇಲ್ಲವೋ ಎಂದು ತಿಳಿಯುವ ಹೆಂಗಸು. ಮಾತು ಬರುವ ಮೊದಲೇ ಕೈ ಎತ್ತುವುದನ್ನು ಕಾಣುವವಳು. ವ್ಯತ್ಯಾಸ ಇಷ್ಟು: ಕುದುರೆ ಬೆದರಿ ಹತ್ತು ಹೆಜ್ಜೆ ಓಡಿ, ಅಪಾಯ ಇಲ್ಲವೆಂದು ಕಂಡರೆ ತಲೆ ಬಗ್ಗಿಸಿ ಮತ್ತೆ ಹುಲ್ಲು ಮೇಯುತ್ತದೆ. ನಮ್ಮ ಹುಡುಗಿ ಎರಡು ವರ್ಷದಿಂದ ಇನ್ನೂ ಬೆದರಿ ನಿಂತೇ ಇದ್ದಾಳೆ. ಮತ್ತೆ ಮೇಯಲು ಹೋಗುವುದು ಹೇಗೆ ಎಂಬುದನ್ನು ಅವಳ ಮೈ ಕಲಿಯಬೇಕು. ಅದನ್ನು ಬರೀ ಮಾತಿನಲ್ಲಿ ಹೇಳಿಕೊಡುವುದು ಕಷ್ಟ.

ಇಷ್ಟು ಹೇಳಿದ ಮೇಲೆ, ಕುದುರೆಯನ್ನು ದೇವರು ಮಾಡಬೇಡಿ. ಅದು ಮನಸ್ಸು ಓದುವುದಿಲ್ಲ, ನಮ್ಮ ದುಃಖ ಹೀರಿಕೊಳ್ಳುವುದಿಲ್ಲ. ಮೊಬೈಲಿನ ವಿಡಿಯೋಗಳಲ್ಲಿ ಹಾಗೆ ಹೇಳುವವರಿದ್ದಾರೆ, ನಂಬಬೇಡಿ.

ನನ್ನ ವಿದ್ಯಾರ್ಥಿನಿಯ ಮೊದಲ ದಿನ ಹೇಗಿತ್ತು ಎಂದು ಹೇಳುತ್ತೇನೆ, ಏಕೆಂದರೆ ನಿಮಗೂ ಹೆಚ್ಚು ಕಡಿಮೆ ಅದೇ ಎದುರಾಗುತ್ತದೆ. ಹೋದ ಕೂಡಲೇ ಕುದುರೆ ತೋರಿಸಲಿಲ್ಲ. ಕಾಗದ ತುಂಬಿಸಿದರು. ಆಸ್ತಮಾ ಇದೆಯೇ, ಧೂಳು ಆಗದೇ, ಮೂರ್ಛೆ ಬರುತ್ತದೆಯೇ, ಬೆನ್ನುಹುರಿಯ ತೊಂದರೆ, ಬಸುರಿಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ. ಧನುರ್ವಾಯುವಿನ ಇಂಜೆಕ್ಷನ್ ಆಗಿದೆಯೇ ಎಂದೂ ಕೇಳಿದರು. ಲದ್ದಿ ಇರುವ ಮಣ್ಣಿನಲ್ಲಿ ಆ ರೋಗಾಣು ಇರುತ್ತದೆ. ಇದೆಲ್ಲ ಕೇಳದೆ ನೇರ ಲಾಯಕ್ಕೆ ಕರೆದೊಯ್ಯುವ ಜಾಗವಿದ್ದರೆ ಅಲ್ಲಿಂದ ಹಾಗೇ ತಿರುಗಿ ಬನ್ನಿ.

ಆಮೇಲೆ ಬೇಲಿಯ ಹೊರಗೆ ನಿಲ್ಲಿಸಿದರು. ಒಳಗೆ ಐದು ಕುದುರೆ. ಸುಮ್ಮನೆ ನೋಡಿ ಎಂದರು. ಹತ್ತು ನಿಮಿಷ ಏನೂ ಆಗಲಿಲ್ಲ, ನನಗೆ ಬೇಸರ ಬಂತು. ಇದಕ್ಕೆ ದುಡ್ಡು ಕೊಡಬೇಕೇ ಅನ್ನಿಸಿತು. ಅವಳು ಮಾತ್ರ ನೋಡುತ್ತಿದ್ದಳು. “ಆ ಕಂದು ಕುದುರೆ ಬಂದರೆ ಬಿಳಿಯದು ದಾರಿ ಬಿಡುತ್ತೆ” ಎಂದಳು. ಸಮಾಲೋಚಕಿ, “ನಿಮ್ಮ ಮನೆಯಲ್ಲಿ ಯಾರು ದಾರಿ ಬಿಡುತ್ತಿದ್ದರು?” ಎಂದು ಕೇಳಿದರು. ಮೂರು ತಿಂಗಳು ಕುರ್ಚಿಯ ಮೇಲೆ ಎದುರು ಬದುರು ಕುಳಿತಾಗ ಬಾರದ ಮಾತು ಅವತ್ತು ಬಂತು. ಕುದುರೆಯ ಕಡೆ ನೋಡುತ್ತಾ, ನಮ್ಮ ಮುಖ ನೋಡದೆ, ಹೇಳಿದಳು.

ಎರಡನೆಯ ವಾರ ಬ್ರಶ್ ಕೊಟ್ಟು ಮೈ ಉಜ್ಜಿಸಿದರು. ಅವಳು ಪ್ರತಿಯೊಂದಕ್ಕೂ ಸಮಾಲೋಚಕಿಯನ್ನು ಕೇಳುತ್ತಿದ್ದಳು: ಮುಟ್ಟಲೇ, ಈ ಕಡೆ ಬರಲೇ, ಸಾಕೇ? “ನನ್ನನ್ನು ಕೇಳಬೇಡಿ, ಅದರ ಕಿವಿ ನೋಡಿ” ಎನ್ನುವುದೇ ಉತ್ತರ. ಮೂರನೆಯ ವಾರ, ಕುದುರೆ ನಿಮಗೆ ತೀರ ಹತ್ತಿರ ನಿಂತಿದೆ, ಅದನ್ನು ಒಂದು ಹೆಜ್ಜೆ ಹಿಂದೆ ಸರಿಸಿ ಎಂದರು. ಹೊಡೆಯುವಂತಿಲ್ಲ, ತಳ್ಳುವಂತಿಲ್ಲ. ಇವಳು ಕೈ ಎತ್ತಿದಳು, ಅದು ಸರಿಯಲಿಲ್ಲ. ಇವಳೇ ಹಿಂದೆ ಸರಿದಳು. ಕುದುರೆಗೆ “ಸಾರಿ” ಎಂದಳು! ಹೀಗೆ ಎಷ್ಟೋ ಸಲ. ಆ ವಾರ ಅಷ್ಟಕ್ಕೇ ಮುಗಿಯಿತು. ಮುಂದಿನ ವಾರ ಕಾಲೂರಿ ನಿಂತು, ಉಸಿರು ಬಿಟ್ಟು, ಕನ್ನಡದಲ್ಲೇ “ಸರಿ ಹಿಂದೆ” ಎಂದಳು. ಕೂಗಲಿಲ್ಲ. ಕುದುರೆ ಒಂದು ಹೆಜ್ಜೆ ಸರಿಯಿತು. ಇವಳು ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತಳು. ಅದರ ಮರುವಾರ ಮತ್ತೆ ಸರಿಯಲಿಲ್ಲ. ನೊಣ ಕಚ್ಚುತ್ತಿತ್ತು, ಅದರ ಲಕ್ಷ್ಯವೆಲ್ಲ ನೊಣದ ಮೇಲೆ. ಇವಳು ನಕ್ಕಳು. ಮೂರು ವರ್ಷದಲ್ಲಿ ನಾನು ಕೇಳಿದ ಮೊದಲ ನಗು ಅದು.

ಇವತ್ತು ಅವಳು ಹೇಗಿದ್ದಾಳೆ? ನಿದ್ದೆ ಬರುತ್ತದೆ, ಎಲ್ಲ ದಿನ ಅಲ್ಲ. ಸಂಧಾನಕ್ಕೆ ಕರೆದಾಗ, ಗಂಡನ ಜೊತೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದಳು. ಇದು ಕುದುರೆಯಿಂದ ಆಯಿತೋ, ಆ ಸಮಾಲೋಚಕಿಯಿಂದ ಆಯಿತೋ, ಒಳ್ಳೆಯ ವಕೀಲೆ ಸಿಕ್ಕಿದ್ದರಿಂದ ಆಯಿತೋ, ಬಿಡಿಸಿ ಹೇಳುವುದು ಸಾಧ್ಯವಿಲ್ಲ. ವಿದ್ವಾಂಸರ ಅಧ್ಯಯನಗಳ ಪರಿಸ್ಥಿತಿಯೂ ಇದೇ. ಬಹುತೇಕ ಅಧ್ಯಯನಗಳು ಸಣ್ಣವು, ಕೆಲವೇ ಜನರ ಮೇಲೆ ನಡೆದವು. ಕಳವಳ ಕಡಿಮೆಯಾಯಿತು ಎನ್ನುತ್ತವೆ, ಆದರೆ ಬೇರೆ ಚಿಕಿತ್ಸೆಗಿಂತ ಇದೇ ಮೇಲು ಎಂದು ತೋರಿಸುವ ಗಟ್ಟಿ ಪುರಾವೆ ಇಲ್ಲ. ಹಿಂಸೆಯ ನೆನಪು ಕಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದ್ದು ತರಬೇತಿ ಪಡೆದವರು ಮಾಡುವ ಮಾತಿನ ಚಿಕಿತ್ಸೆಗಳನ್ನೇ. ಆದ್ದರಿಂದ ಕುದುರೆ ಜೊತೆಗಿರಲಿ, ಮೊದಲಿನ ಚಿಕಿತ್ಸೆ ನಿಲ್ಲದಿರಲಿ. ವೈದ್ಯರು ಕೊಟ್ಟ ಮಾತ್ರೆಯನ್ನಂತೂ ಯಾರೋ ಹೇಳಿದರೆಂದು ಬಿಡಕೂಡದು.

ಹುಚ್ಚಿನ ಮಾತು. ಅವ್ವಾ, ನಿಮ್ಮ ಮಗಳಿಗೆ ಹುಚ್ಚಲ್ಲ. ಬೆಂಕಿ ತಾಗಿದ ಕೈ ಬೊಕ್ಕೆ ಏಳುವುದು ಎಷ್ಟು ಸಹಜವೋ ಇದೂ ಅಷ್ಟೇ. ಗಂಡನ ಕಡೆಯವರು ಇದನ್ನು ಕೋರ್ಟಿನಲ್ಲಿ ಎತ್ತಿ ಆಡಿಯಾರು ಎಂಬ ನಿಮ್ಮ ಹೆದರಿಕೆ ನನಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿಸಿಕೊಳ್ಳಿ. ಚಿಕಿತ್ಸೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಅರ್ಥವಲ್ಲ, ಅದನ್ನು ನ್ಯಾಯಾಲಯವೇ ಘೋಷಿಸಬೇಕು ಎಂದು ಅದರಲ್ಲೇ ಬರೆದಿದೆ. ಒಂದು ಎಚ್ಚರ: ಗುಟ್ಟು ಕಾಯುವ ಈ ಕಟ್ಟುಪಾಡು ಆರೋಗ್ಯ ವೃತ್ತಿಯವರಿಗೆ ಉಂಟು, ಲಾಯದಲ್ಲಿ ಹುಲ್ಲು ಹಾಕುವವರಿಗೆ ಇದರ ಅರಿವು ಇರಲಿಕ್ಕಿಲ್ಲ. ಅಲ್ಲಿ ಯಾರ ಮುಂದೆ ಏನು ಮಾತಾಡಬೇಕು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಜಾಹೀರಾತಿಗಾಗಿ ಫೋಟೋ ತೆಗೆಯಲು ಬಿಡಕೂಡದು. ಆ ಫೋಟೋ ಎಲ್ಲಿ ತಲುಪುತ್ತದೋ! ಹುಡುಗಿ ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಇರುತ್ತಾಳೆ ಎಂಬುದು ಬೀಗರ ಕಿವಿಗೆ ಬೀಳಬಾರದು. ನಮ್ಮ ಸಭೆಯಿಂದಲೂ ಬೀಳಬಾರದು.

ಖರ್ಚಿನ ರಸೀದಿಗಳನ್ನು ಎತ್ತಿಡಿ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯ 20ನೆಯ ಕಲಮಿನಲ್ಲಿ ವೈದ್ಯಕೀಯ ವೆಚ್ಚ ಕೇಳಬಹುದು, 22ನೆಯ ಕಲಮಿನಲ್ಲಿ ಮಾನಸಿಕ ಹಿಂಸೆಗೆ ಪರಿಹಾರ ಕೇಳಬಹುದು. ಕೊಡುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಸೇರಿದ್ದು. ಕಾಗದವೇ ಇಲ್ಲದಿದ್ದರೆ ಕೇಳಲೂ ಆಗುವುದಿಲ್ಲ. ಅರ್ಜಿ ಬರೆಯಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹತ್ತಿರ ಹೋಗಿ, ಅವರೇ ಸಂರಕ್ಷಣಾಧಿಕಾರಿ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಇನ್ನೂ ಹೊಡೆತ ತಿನ್ನುತ್ತಾ ಅದೇ ಮನೆಯಲ್ಲಿರುವವಳಿಗೆ ಕುದುರೆ ಬೇಡ. ಅವಳ ಮೈ ಬೆದರುತ್ತಿರುವುದು ಸರಿಯಾಗಿಯೇ ಇದೆ, ಅಪಾಯ ಎದುರಿಗೇ ಇದೆ. ಅವಳಿಗೆ ಮೊದಲು ಬೇಕಾದದ್ದು ಸೂರು, 181ಕ್ಕೆ ಒಂದು ಕರೆ, ವಕೀಲರು, ಜೊತೆಗೆ ನಾವು. ಗಂಡನನ್ನು ಬದಲಿಸುವ ಕುದುರೆ ಯಾವ ಲಾಯದಲ್ಲೂ ಇಲ್ಲ.

ನಮ್ಮ ಊರಿಗೂ ಕುದುರೆಗೂ ಹಳೆಯ ನಂಟು. 1347ರಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ ಬಹಮನಿಗಳಿಗೆ ಅರಬ್ ದೇಶದಿಂದ, ಪರ್ಶಿಯಾದಿಂದ ಹಡಗಿನಲ್ಲಿ ಕುದುರೆ ಬರುತ್ತಿದ್ದವು. ನಾನು ಚಿಕ್ಕವಳಿದ್ದಾಗ ಇದೇ ಸ್ಟೇಶನ್ ಎದುರು ಟಾಂಗಾದ ಕುದುರೆಗಳು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಿಲ್ಲುತ್ತಿದ್ದವು. ಈಗ ನಾವು ಕುದುರೆ ಕಾಣುವುದು ಮದುವೆಯ ಮೆರವಣಿಗೆಯಲ್ಲಿ. ವರ ಏರುತ್ತಾನೆ, ಬಾಡಿಗೆ ಹೆಣ್ಣಿನ ಅಪ್ಪ ಕೊಡುತ್ತಾನೆ. ಮದುವೆಯಾದ ಮೇಲೆ ಅದೇ ಕುದುರೆಯ ಭಾಷೆ ನಮ್ಮ ಮೇಲೆ ಬರುತ್ತದೆ: ಲಗಾಮು ಬಿಗಿ ಹಿಡಿ, ಸಡಿಲ ಬಿಟ್ಟರೆ ಕೈಗೆ ಸಿಗುವುದಿಲ್ಲ, ಮೊದಲ ದಿನವೇ ಪಳಗಿಸು. ಚಾಬೂಕಿನ ಮಾತು ಬೇರೆ. ಆದ್ದರಿಂದ ಹೋಗುವ ಜಾಗದಲ್ಲಿ ಕುದುರೆಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಕಣ್ಣಿಟ್ಟು ನೋಡಿ. ಚಾಬೂಕು ಬೀಸಿ, ಕೂಗಾಡಿ ಕುದುರೆಯನ್ನು ನಡೆಸುವ ಗಂಡಸು ಇರುವ ಕಡೆ ಹೊಡೆಸಿಕೊಂಡು ಬಂದ ಹೆಂಗಸಿಗೆ ಯಾವ ಚಿಕಿತ್ಸೆಯೂ ಆಗುವುದಿಲ್ಲ. ಪಕ್ಕೆಲುಬು ಎಣಿಸುವಂಥ, ಬೆನ್ನಿನ ಮೇಲೆ ಹುಣ್ಣಾದ ಕುದುರೆ ಕಂಡರೂ ಹಾಗೆಯೇ.

ಸಾಲದ ವಿಚಾರಕ್ಕೆ ಬರುತ್ತೇನೆ. ಹೊಟ್ಟೆಯ ಆಪರೇಶನ್‌ಗೆ ನಾವು ಎರಡು ಮಾತಿಲ್ಲದೆ ಕೊಟ್ಟಿದ್ದೇವೆ. ಇದಕ್ಕೂ ಕೊಡಬೇಕೆಂದು ನನ್ನ ಅಭಿಪ್ರಾಯ, ಆದರೆ ಎಂಟು ವಾರದ್ದು ಒಟ್ಟಿಗೆ ಬೇಡ. ಮೊದಲು ಮೂರು ವಾರದ್ದು ಕೊಡೋಣ. ಹಣ ಕಟ್ಟುವ ಮುನ್ನ ಹುಡುಗಿ ಅಲ್ಲಿ ಕೇಳಲಿ: ಕುದುರೆ ಬಲ್ಲವರ ಜೊತೆ ಮನೋಚಿಕಿತ್ಸೆಯ ತರಬೇತಿ ಇರುವವರು ಪ್ರತಿ ಸಲವೂ ಇರುತ್ತಾರೆಯೇ, ಅವರ ಓದು ಏನು? ಹಿಂಸೆ ಅನುಭವಿಸಿದ ಹೆಂಗಸರ ಜೊತೆ ಮೊದಲು ಕೆಲಸ ಮಾಡಿದ್ದಾರೆಯೇ? ಮಧ್ಯದಲ್ಲಿ ಬಿಟ್ಟರೆ ಉಳಿದ ಹಣ ವಾಪಸು ಕೊಡುತ್ತಾರೆಯೇ? ಕಿವಿಯೋಲೆ ಅಡವಿಡುವ ಮಾತು ಯಾರೂ ಎತ್ತಬೇಡಿ. ಕುದುರೆ ಸಿಗದಿದ್ದರೆ ದಾರಿಯೇ ಇಲ್ಲ ಎಂದೂ ತಿಳಿಯಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡುತ್ತಾರೆ. ಇಲ್ಲಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ದೇಶಕ್ಕೆಲ್ಲ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ಬೇರು ಬಿಟ್ಟದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ನಾಚಿಕೆಪಟ್ಟು ಮನೆಯಲ್ಲಿ ಕೂರಲು ಕಾರಣವಿಲ್ಲ.

ಇನ್ನು ಹೋಗುವ ದಿನದ ಸಣ್ಣಪುಟ್ಟ ಸಂಗತಿ. ಸೀರೆ ಬೇಡ, ಸಲ್ವಾರ್ ಇರಲಿ, ದುಪಟ್ಟಾ ಬಿಗಿದು ಕಟ್ಟಿರಲಿ ಇಲ್ಲವೇ ತೆಗೆದಿಡಲಿ. ಚಪ್ಪಲಿ ಬೇಡವೇ ಬೇಡ, ಬೆರಳು ಮುಚ್ಚುವ ಬೂಟು. ಕುದುರೆ ಕಾಲು ತುಳಿದರೆ ಬೆರಳು ಮುರಿಯುತ್ತದೆ. ಸದ್ದು ಮಾಡುವ ಬಳೆ ತೆಗೆದಿಡಬೇಕು. ಮಲ್ಲಿಗೆ ಮುಡಿದು ಹೋಗಬೇಡಿ, ನನ್ನ ಮುಡಿಯ ಮಾಲೆಯನ್ನು ಬೇಲಿಯಾಚೆಯಿಂದ ಕತ್ತು ಚಾಚಿದ ಒಂದು ಹೆಣ್ಣುಕುದುರೆ ಅರ್ಧ ತಿಂದು ಹಾಕಿತು. ಹಿಂದಿನಿಂದ ಹತ್ತಿರ ಹೋಗಬಾರದು, ಭುಜದ ಬದಿಯಿಂದ ಕಾಣುವಂತೆ, ಮಾತಾಡಿಸುತ್ತಾ ಹೋಗಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಇವತ್ತು ಬೇಡ ಅನ್ನಿಸಿದರೆ ಬೇಡ ಎನ್ನಬಹುದು. ಹಾಗೆ ಅಂದರೂ ಆ ದಿನದ ಚಿಕಿತ್ಸೆ ನಡೆದಂತೆಯೇ.

ಮೊದಲ ಒಂದೆರಡು ಸಲ ಬಂದ ಮೇಲೆ ಮೈಕೈ ಸೋತು ಹೋಗುತ್ತದೆ, ಕೆಟ್ಟ ಕನಸು ಹೆಚ್ಚಾಗಲೂಬಹುದು. ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಯಾವುದಾದರೂ ಮುಂದಿನ ಸಲ ಸಮಾಲೋಚಕಿಗೆ ಹೇಳಬೇಕು. ಕನಸು ತೀರ ಹೆಚ್ಚಾಗಿ ಬದುಕು ಸಾಕೆನ್ನಿಸಿದರೆ ಮುಂದಿನ ವಾರದವರೆಗೆ ಕಾಯಬಾರದು, ಅವತ್ತೇ ಕರೆ ಮಾಡಬೇಕು. ತಾಯಂದಿರು ಆ ಸಂಜೆ ಫೋನ್ ಮಾಡಿ “ಆರಾಮ ಆಯ್ತೇನ?” ಎಂದು ಕೇಳಬೇಡಿ. ಊಟ ಆಯಿತೇ ಎಂದು ಕೇಳಿ, ಕುದುರೆಯ ಬಣ್ಣ ಯಾವುದು ಎಂದು ಕೇಳಿ. ಉಳಿದದ್ದನ್ನು ಅವಳಿಗೆ ಬೇಕಾದಾಗ ಅವಳೇ ಹೇಳುತ್ತಾಳೆ.

ಕಮಲಾಪುರದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಪ್ರಶ್ನೆ ಇದ್ದವರು ಕೇಳಿ.